ಮಗಳ ಪಾಲು



ಪವಿತ್ರ ಗ್ರಂಥದ ಸಂಖ್ಯಾಕಾಂಡವನ್ನು ಆಸಕ್ತಿಯಿಂದ ಓದುವವರು ನಮ್ಮಲ್ಲಿ ಕಡಿಮೆಯೆಂದೇ ಹೇಳಬೇಕು. ಕುಲಗಳ ಗಣತಿ, ಪಾಳೆಯದ ಕ್ರಮ, ಕಾಣಿಕೆಗಳ ಲೆಕ್ಕ ಇವುಗಳ ನಡುವೆ ಓದುಗನ ತಾಳ್ಮೆ ಸೋತುಹೋಗುತ್ತದೆ. ಆದರೆ ಅದರ 27ನೆಯ ಅಧ್ಯಾಯದಲ್ಲಿ ಐವರು ಅಕ್ಕತಂಗಿಯರು ದೇವದರ್ಶನದ ಗುಡಾರದ ಬಾಗಿಲಲ್ಲಿ ಬಂದು ನಿಲ್ಲುತ್ತಾರೆ. ಎದುರಿಗೆ ಮೋಶೆ, ಯಾಜಕ ಎಲ್ಲಾಜಾರ, ಕುಲದ ನಾಯಕರು, ಸಮಸ್ತ ಜನಸಮೂಹ. ಇವರು ಮನಸ್ಸೆ ಕುಲದ ಚಲ್ಪಹಾದನೆಂಬವನ ಹೆಣ್ಣುಮಕ್ಕಳು. ತಂದೆ ಮರುಭೂಮಿಯಲ್ಲಿ ತೀರಿಕೊಂಡಿದ್ದಾನೆ, ಗಂಡುಮಕ್ಕಳಿಲ್ಲ. ಅಷ್ಟಕ್ಕೇ ತಂದೆಯ ಹೆಸರು ಕುಲದಿಂದ ಅಳಿಯಬೇಕೇ, ನಮಗೂ ಪಾಲು ಏಕಿಲ್ಲ ಎಂಬುದು ಅವರ ಪ್ರಶ್ನೆ. ಧರ್ಮಶಾಸ್ತ್ರವನ್ನು ಕೊಟ್ಟ ಮೋಶೆಯ ಬಳಿಯೇ ಇದಕ್ಕೆ ಉತ್ತರವಿರಲಿಲ್ಲ. ಅವನು ವ್ಯಾಜ್ಯವನ್ನು ದೇವರ ಸನ್ನಿಧಿಗೆ ಒಯ್ದ. ಆ ಹೆಣ್ಣುಮಕ್ಕಳು ಕೇಳುತ್ತಿರುವುದು ನ್ಯಾಯವಾಗಿಯೇ ಇದೆಯೆಂಬ ತೀರ್ಪು ಬಂತು. ಒಂದು ಮನೆಯ ವ್ಯಾಜ್ಯದಿಂದ ಇಡೀ ಇಸ್ರಯೇಲಿಗೆ ಒಂದು ಶಾಸನ ಹುಟ್ಟಿತು.

ನಮ್ಮ ಪ್ರಬೋಧನೆಗಳಲ್ಲಿ ಈ ಕಥೆ ಬರುವುದು ಅಪರೂಪ. ಬಂದರೂ ಇಲ್ಲಿಗೇ ನಿಲ್ಲುತ್ತದೆ. ಆದರೆ ಅದೇ ಗ್ರಂಥದ ಕಡೆಯ ಅಧ್ಯಾಯವನ್ನು ತೆರೆದು ನೋಡಿ. ಅದೇ ಕುಲದ ಹಿರಿಯರು ಮತ್ತೆ ಮೋಶೆಯ ಮುಂದೆ ಬರುತ್ತಾರೆ. ಈ ಹೆಣ್ಣುಮಕ್ಕಳು ಬೇರೆ ಕುಲದವರನ್ನು ಮದುವೆಯಾದರೆ ನಮ್ಮ ಭೂಮಿ ಅವರ ಪಾಲಾಗುವುದಲ್ಲವೇ ಎಂಬುದು ಅವರ ಅಳಲು. ಅವರ ಮಾತೂ ಮನ್ನಣೆ ಪಡೆಯುತ್ತದೆ. ಭೂಮಿಗೆ ಬಾಧ್ಯಸ್ಥಳಾದ ಮಗಳು ತಂದೆಯ ಕುಲದೊಳಗೇ ಮದುವೆಯಾಗಬೇಕೆಂಬ ನಿಯಮ ಬರುತ್ತದೆ. ಐವರೂ ತಮ್ಮ ಚಿಕ್ಕಪ್ಪ ದೊಡ್ಡಪ್ಪಂದಿರ ಮಕ್ಕಳನ್ನೇ ವರಿಸುತ್ತಾರೆ. ಹಕ್ಕು ಉಳಿಯಿತು, ಆದರೆ ಅದಕ್ಕೊಂದು ಬೇಲಿಯೂ ಬಿತ್ತು.

ಕಾನೂನು ಸಮಾಜವನ್ನು ಬದಲಿಸುತ್ತದೆಯೋ, ಸಮಾಜವೇ ಕಾನೂನನ್ನು ಬದಲಿಸುತ್ತದೆಯೋ ಎಂಬ ಚರ್ಚೆ ಇಂದಿಗೂ ನಡೆದಿದೆ. ಭಾರತದ ಕ್ರೈಸ್ತರ ಉತ್ತರಾಧಿಕಾರ ಕಾಯಿದೆಯ ಚರಿತ್ರೆಯನ್ನು ನೋಡುವಾಗ ನನಗೆ ಈ ಎರಡು ಅಧ್ಯಾಯಗಳೇ ನೆನಪಿಗೆ ಬರುತ್ತವೆ. ಅಲ್ಲಿಯೂ ಯಾವುದೋ ಒಂದು ಮನೆಯ ಜಗಳ ನ್ಯಾಯಪೀಠದ ಬಾಗಿಲಿಗೆ ಹೋಗುತ್ತದೆ. ನ್ಯಾಯಪೀಠದಿಂದ ಒಂದು ನಿಯಮ ಹೊರಡುತ್ತದೆ. ಆ ನಿಯಮ ಎಲ್ಲ ಮನೆಗಳನ್ನೂ ಪ್ರವೇಶಿಸುತ್ತದೆ. ಮನೆಗಳು ಅದಕ್ಕೊಂದು ಬೇಲಿಯನ್ನು ಹುಡುಕಿಕೊಳ್ಳುತ್ತವೆ. ಈ ಚರಿತ್ರೆಯ ಮೊದಲ ಮುಖ್ಯ ಘಟನೆ ನಡೆದದ್ದು ನಮ್ಮ ಬಳ್ಳಾರಿಯಲ್ಲಿ ಎಂಬುದು ಬಹುಮಂದಿಗೆ ತಿಳಿಯದು.

ಹತ್ತೊಂಬತ್ತನೆಯ ಶತಮಾನದ ಪೂರ್ವಾರ್ಧದಲ್ಲಿ ಬಳ್ಳಾರಿ ಮದ್ರಾಸು ಪ್ರಾಂತ್ಯದ ದೊಡ್ಡ ದಂಡುಪ್ರದೇಶ. ಅಲ್ಲಿ ಮ್ಯಾಥ್ಯೂ ಅಬ್ರಹಾಂ ಎಂಬ ದೇಶೀಯ ಕ್ರೈಸ್ತ ವರ್ತಕನಿದ್ದ. ತಮಿಳು ಮೂಲದ, ಕೆಳಜಾತಿಯೆಂದು ಎಣಿಸಲ್ಪಟ್ಟಿದ್ದ ಕುಟುಂಬ. ಕ್ರೈಸ್ತರಾಗಿ ಕೆಲವು ತಲೆಮಾರುಗಳು ಸಂದಿದ್ದವು. ಅಂಗಡಿ ವ್ಯಾಪಾರ, ಸಾರಾಯಿ ಗುತ್ತಿಗೆಗಳಿಂದ ಅವನು ಬಹಳ ಐಶ್ವರ್ಯ ಗಳಿಸಿದ. ಷಾರ್ಲೆಟ್ ಎಂಬ ಆಂಗ್ಲ-ಭಾರತೀಯ ಸ್ತ್ರೀಯನ್ನು ಮದುವೆಯಾಗಿ ಉಡುಗೆ ತೊಡುಗೆ, ಊಟೋಪಚಾರಗಳಲ್ಲಿ ಅವಳ ಸಮುದಾಯದ ರೀತಿಯನ್ನೇ ಅನುಸರಿಸಿದ. 1842ರಲ್ಲಿ ಉಯಿಲು ಬರೆಯದೆ ತೀರಿಕೊಂಡ. ವ್ಯಾಪಾರವನ್ನು ತಮ್ಮ ಫ್ರಾನ್ಸಿಸ್ ಮುಂದುವರಿಸಿದ. ಕೆಲವು ವರ್ಷಗಳಲ್ಲಿ ಅತ್ತಿಗೆ ಮೈದುನರಿಗೆ ಒಡಕು ಹುಟ್ಟಿ, ವ್ಯಾಜ್ಯ ಬಳ್ಳಾರಿಯ ನ್ಯಾಯಾಲಯಕ್ಕೆ ಹೋಯಿತು.

ಫ್ರಾನ್ಸಿಸನ ವಾದವನ್ನು ಗಮನಿಸಬೇಕು. ನಾವು ಕ್ರೈಸ್ತರಾದರೂ ನಮ್ಮದು ಹಿಂದೂ ಧರ್ಮಶಾಸ್ತ್ರದ ಅವಿಭಕ್ತ ಕುಟುಂಬ, ಆದ್ದರಿಂದ ಆಸ್ತಿ ಅಣ್ಣತಮ್ಮಂದಿರಿಗೆ ಸೇರಿದ್ದು, ವಿಧವೆಗೆ ಸಲ್ಲುವುದು ಜೀವನಾಂಶ ಮಾತ್ರ ಎಂಬುದು ಅದರ ತಿರುಳು. ಷಾರ್ಲೆಟ್‌ಳ ವಾದ ಇದಕ್ಕೆ ವಿರುದ್ಧ: ಆಸ್ತಿ ನನ್ನ ಗಂಡನ ಸ್ವಂತ ಸಂಪಾದನೆ, ಅದು ಅವನ ಹೆಂಡತಿ ಮಕ್ಕಳಿಗೆ ಸೇರಿದ್ದು. ಜಿಲ್ಲಾ ನ್ಯಾಯಾಲಯ ಅವಳ ಪರವಾಗಿ ತೀರ್ಪಿತ್ತಿತು. ಮದ್ರಾಸಿನ ಸದರ್ ಅದಾಲತ್ತು ಫ್ರಾನ್ಸಿಸನ ಪರವಾಯಿತು. ಕೊನೆಗೆ ಲಂಡನ್ನಿನ ಪ್ರಿವಿ ಕೌನ್ಸಿಲ್ 1863ರಲ್ಲಿ ವ್ಯಾಜ್ಯವನ್ನು ಮುಗಿಸಿತು. ಕ್ರೈಸ್ತನಾದವನನ್ನು ಹಿಂದೂ ಧರ್ಮಶಾಸ್ತ್ರ ಕಟ್ಟಿಹಾಕಲಾರದು. ಅವನು ಬಯಸಿದರೆ ಹಳೆಯ ಪದ್ಧತಿಯನ್ನು ಉಳಿಸಿಕೊಳ್ಳಬಹುದು, ಬಿಡಲೂಬಹುದು. ಅವನು ಬಾಳಿದ ರೀತಿಯೇ ಅದಕ್ಕೆ ಸಾಕ್ಷಿ ಎಂದು ಪ್ರಿವಿ ಕೌನ್ಸಿಲ್ ನಿರ್ಣಯಿಸಿತು. ಫ್ರಾನ್ಸಿಸನಿಗೆ ದೊರೆತದ್ದು ವ್ಯಾಪಾರದ ಲಾಭದಲ್ಲಿ ಅವನ ದುಡಿಮೆಗೆ ಸಲ್ಲಬೇಕಾದ ಪಾಲು ಮಾತ್ರ.

ಈ ತೀರ್ಪು ಷಾರ್ಲೆಟ್‌ಳಿಗೆ ನ್ಯಾಯ ಕೊಟ್ಟಿತು ನಿಜ. ಆದರೆ ಸರಕಾರಕ್ಕೆ ಅದು ತಲೆನೋವು. ಒಬ್ಬೊಬ್ಬ ಕ್ರೈಸ್ತನೂ ಹೇಗೆ ಉಂಡ, ಹೇಗೆ ಉಟ್ಟ ಎಂದು ವಿಚಾರಿಸಿ ಆಸ್ತಿ ಹಂಚುವುದಾದರೆ ನ್ಯಾಯಾಲಯಗಳ ಗತಿಯೇನು? ಎಲ್ಲರಿಗೂ ಅನ್ವಯಿಸುವ ಒಂದು ಕಾಯಿದೆಯ ಸಿದ್ಧತೆ ಆಗಲೇ ನಡೆದಿತ್ತು. ಎರಡೇ ವರ್ಷಗಳಲ್ಲಿ, 1865ರಲ್ಲಿ, ಭಾರತೀಯ ಉತ್ತರಾಧಿಕಾರ ಕಾಯಿದೆ ಅಂಗೀಕಾರವಾಯಿತು. ಹಿಂದೂಗಳಿಗೂ ಮುಸಲ್ಮಾನರಿಗೂ ಅದು ಅನ್ವಯಿಸುತ್ತಿರಲಿಲ್ಲ. ಕ್ರೈಸ್ತರು ಅದರ ಅಡಿಗೆ ಬಂದರು. ಇಂದು ನಮಗೆ ಅನ್ವಯಿಸುವ 1925ರ ಕಾಯಿದೆ ಬಹುಮಟ್ಟಿಗೆ ಅದರದೇ ಮುಂದುವರಿಕೆ.

ಅದರ ವ್ಯವಸ್ಥೆ ಸರಳ. ಉಯಿಲು ಬರೆಯದೆ ಗಂಡ ಸತ್ತರೆ ವಿಧವೆಗೆ ಮೂರನೆಯ ಒಂದು ಭಾಗ, ಉಳಿದ ಎರಡು ಭಾಗ ಮಕ್ಕಳಿಗೆ. ಮಕ್ಕಳಲ್ಲಿ ಗಂಡೆಂದು ಹೆಚ್ಚಿಲ್ಲ, ಹೆಣ್ಣೆಂದು ಕಡಿಮೆಯಿಲ್ಲ. ಮದುವೆಯಾದವಳು, ಆಗದವಳು ಎಂಬ ಭೇದವೂ ಇಲ್ಲ. ಕನ್ಯಾಮಠವನ್ನು ಸೇರಿದ ಮಗಳನ್ನು ಹೊರಗಿಡುವ ಮಾತೂ ಅದರಲ್ಲಿಲ್ಲ. ವಿಧವೆಯ ಮೂರನೆಯ ಒಂದು ಭಾಗವೆಂಬ ಲೆಕ್ಕ 1670ರ ಇಂಗ್ಲೆಂಡಿನ ಶಾಸನವೊಂದರಿಂದ ಬಂದದ್ದು. ಒಂದು ಸೋಜಿಗವನ್ನು ಇಲ್ಲಿ ಹೇಳಲೇಬೇಕು. ಆ ಕಾಯಿದೆಯನ್ನು ರೂಪಿಸಿದವರ ಸ್ವಂತ ನಾಡಿನಲ್ಲಿ, ಉಯಿಲು ಬರೆಯದೆ ಸತ್ತವನ ಭೂಮಿ ಸಾಮಾನ್ಯವಾಗಿ ಹಿರಿಯ ಮಗನಿಗೇ ಹೋಗುತ್ತಿತ್ತು. 1925ರ ಕಾನೂನು ಬರುವವರೆಗೂ ಹೀಗೆಯೇ ಇತ್ತು. ಹೀಗಾಗಿ ಮಂಗಳೂರಿನ ಒಬ್ಬ ಕ್ರೈಸ್ತ ಮಗಳಿಗೆ ತಂದೆಯ ತೋಟದಲ್ಲಿ ಕಾಗದದ ಮೇಲಾದರೂ ಇದ್ದ ಸಮಪಾಲು, ಲಂಡನ್ನಿನ ಮಗಳಿಗೆ ತಂದೆಯ ಹೊಲದಲ್ಲಿ ಅರುವತ್ತು ವರ್ಷ ತಡವಾಗಿ ಬಂತು.

ಈ ಸಮಾನತೆಯನ್ನು ನಮ್ಮ ಪೂರ್ವಿಕರು ಯಾರೂ ಕೇಳಿರಲಿಲ್ಲ. ಅದಕ್ಕಾಗಿ ಹೋರಾಟವಿಲ್ಲ, ಮನವಿಯಿಲ್ಲ. ಬೇಡವೆಂದು ಕೇಳಿದವರು ಮಾತ್ರ ಇದ್ದರು. ಯಾವುದೇ ಜನವರ್ಗವನ್ನು ಕಾಯಿದೆಯಿಂದ ಹೊರಗಿಡುವ ಅಧಿಕಾರವನ್ನು ಸರಕಾರ ತನ್ನಲ್ಲೇ ಉಳಿಸಿಕೊಂಡಿತ್ತು. 1868ರಲ್ಲಿ ಒಂದು ಅಧಿಸೂಚನೆ ಹೊರಡಿಸಿ ಕೊಡಗಿನ ದೇಶೀಯ ಕ್ರೈಸ್ತರನ್ನು ಹೊರಗಿಟ್ಟಿತು. ಒಂದೇ ಧರ್ಮಸಭೆ, ಒಂದೇ ಜ್ಞಾನಸ್ನಾನ. ಆದರೆ ಘಟ್ಟದ ಕೆಳಗಿನ ಮಗಳಿಗೆ ಒಂದು ನ್ಯಾಯ, ಘಟ್ಟದ ಮೇಲಿನ ಮಗಳಿಗೆ ಇನ್ನೊಂದು.

ತಿರುವಾಂಕೂರು ದೇಶೀ ಸಂಸ್ಥಾನವಾದ್ದರಿಂದ ಬ್ರಿಟಿಷರ ಕಾಯಿದೆ ಅಲ್ಲಿಗೆ ಅನ್ವಯಿಸುತ್ತಿರಲಿಲ್ಲ. ಶ್ರೀ ಮೂಲಂ ತಿರುನಾಳ್ ಮಹಾರಾಜರ ಆಳ್ವಿಕೆಯಲ್ಲಿ, 1916ರಲ್ಲಿ, ಆ ಸಂಸ್ಥಾನ ತನ್ನ ಕ್ರೈಸ್ತರಿಗಾಗಿ ಪ್ರತ್ಯೇಕ ಉತ್ತರಾಧಿಕಾರ ಕಾಯಿದೆಯನ್ನು ಮಾಡಿತು. ಸಿರಿಯನ್ ಕ್ರೈಸ್ತರಲ್ಲಿ ಬಹುಕಾಲದಿಂದ ನಡೆದು ಬಂದಿದ್ದ ಪದ್ಧತಿಗೆ ಅದು ಮುದ್ರೆಯೊತ್ತಿತು. ಮಗಳಿಗೆ ಮಗನ ಪಾಲಿನ ನಾಲ್ಕನೆಯ ಒಂದು ಭಾಗ ಅಥವಾ 5000 ರೂಪಾಯಿ, ಇವೆರಡರಲ್ಲಿ ಯಾವುದು ಕಡಿಮೆಯೋ ಅದು. ಮದುವೆಯಲ್ಲಿ ಸ್ತ್ರೀಧನ ಕೊಟ್ಟಿದ್ದರೆ, ಅಥವಾ ಕೊಡುತ್ತೇವೆಂದು ಮಾತು ಕೊಟ್ಟಿದ್ದರೂ, ಅದೂ ಇಲ್ಲ. ವಿಧವೆಗೆ ಸಿಗುವ ಭೂಮಿಯ ಮೇಲೆ ಆಕೆಗೆ ಬದುಕಿರುವತನಕ ಅನುಭವಿಸುವ ಹಕ್ಕು ಮಾತ್ರ. ಮರುಮದುವೆಯಾದರೆ ಅದೂ ಹೋಯಿತು.

ಸ್ತ್ರೀಧನವೆಂಬ ಹೆಸರನ್ನು ನೋಡಿ. ಹೆಸರಿಗೆ ಅದು ಸ್ತ್ರೀಯ ಧನ. ವಾಸ್ತವದಲ್ಲಿ ಅದು ಹೋಗುತ್ತಿದ್ದುದು ಗಂಡನ ಕೈಗೆ, ಹೆಚ್ಚಾಗಿ ಮಾವನ ಕೈಗೆ.

ಇದೇ ಕ್ರೈಸ್ತ ಪದ್ಧತಿಯೆಂದು ಭಾವಿಸಬಾರದು. ಆ ಕಾಯಿದೆಯಲ್ಲೇ ಒಂದು ವಿನಾಯಿತಿಯಿತ್ತು. ಕೊಲ್ಲಂ, ತಿರುವನಂತಪುರ, ನೆಯ್ಯಾಟ್ಟಿಂಕರ ಮೊದಲಾದ ಕೆಲವು ತಾಲ್ಲೂಕುಗಳಲ್ಲಿ ಲತೀನ್ ವಿಧಿಯ ಕಥೋಲಿಕರೂ ಕೆಲವು ಪ್ರೊಟೆಸ್ಟೆಂಟರೂ ಗಂಡುಹೆಣ್ಣು ಮಕ್ಕಳಿಗೆ ಸಮನಾಗಿ ಹಂಚುವ ರೂಢಿಯನ್ನು ಇಟ್ಟುಕೊಂಡಿದ್ದರು. ಅಂಥವರಿಗೆ ಈ ಅಸಮಾನತೆಯ ವಿಧಿಗಳು ಅನ್ವಯಿಸುತ್ತಿರಲಿಲ್ಲ. ಆ ಕಡಲತೀರದ ಲತೀನ್ ಕಥೋಲಿಕರಲ್ಲಿ ಅನೇಕರು ಬಲೆ ಬೀಸಿ ಬದುಕುವ ಬಡವರು. ಹಂಚಲು ಹೆಚ್ಚೇನೂ ಇಲ್ಲದವರು ಸಮನಾಗಿ ಹಂಚಿಕೊಳ್ಳುತ್ತಿದ್ದಾಗ ಹೊಲಗದ್ದೆಗಳಿದ್ದವರು ನಾಲ್ಕನೆಯ ಒಂದು ಭಾಗಕ್ಕೂ ಮಿತಿ ಹಾಕಿದರೆಂಬುದು ನಾವು ಯೋಚಿಸಬೇಕಾದ ಸಂಗತಿ.

ಸ್ವಾತಂತ್ರ್ಯ ಬಂತು, ಸಂವಿಧಾನ ಬಂತು. ಹಿಂದಿನ ದೇಶೀ ಸಂಸ್ಥಾನಗಳು ಬಿ ವರ್ಗದ ರಾಜ್ಯಗಳೆಂದು ಹೆಸರು ಪಡೆದವು. ಮೈಸೂರು, ಹೈದರಾಬಾದ್, ತಿರುವಾಂಕೂರು-ಕೊಚ್ಚಿ ಆ ವರ್ಗಕ್ಕೆ ಸೇರಿದವು. 1951ರಲ್ಲಿ ಸಂಸತ್ತು ಒಂದು ಕಾಯಿದೆಯ ಮೂಲಕ ಅನೇಕ ಕೇಂದ್ರ ಕಾನೂನುಗಳನ್ನು ಒಮ್ಮೆಲೇ ಈ ರಾಜ್ಯಗಳಿಗೆ ವಿಸ್ತರಿಸಿತು. ಆ ಪಟ್ಟಿಯಲ್ಲಿ ಭಾರತೀಯ ಉತ್ತರಾಧಿಕಾರ ಕಾಯಿದೆಯೂ ಇತ್ತು. ಹಾಗಾದರೆ ತಿರುವಾಂಕೂರಿನ 1916ರ ಕಾಯಿದೆ ಸತ್ತಿತೇ, ಬದುಕಿತೇ? ಈ ಕುರಿತು ಉಚ್ಚ ನ್ಯಾಯಾಲಯಗಳಲ್ಲೇ ಒಮ್ಮತವಿರಲಿಲ್ಲ. ಮನೆಗಳಲ್ಲಂತೂ ಪ್ರಶ್ನೆಯೇ ಏಳಲಿಲ್ಲ. 1956ರಲ್ಲಿ ಹಿಂದೂ ಉತ್ತರಾಧಿಕಾರ ಕಾಯಿದೆ ಬಂದು, ಕೊಟ್ಟಾಯಂನ ಹಿಂದೂ ಮಗಳಿಗೆ ತಂದೆಯ ಸ್ವಯಾರ್ಜಿತ ಆಸ್ತಿಯಲ್ಲಿ ಮಗನಷ್ಟೇ ಹಕ್ಕು ಬಂದ ಮೇಲೂ ನೆರೆಮನೆಯ ಕ್ರೈಸ್ತ ಮಗಳ ಪಾಲು 5000 ರೂಪಾಯಿಯ ಮಿತಿಯನ್ನು ದಾಟಲಿಲ್ಲ. 1916ರಲ್ಲಿ ಆ ಮೊತ್ತಕ್ಕೆ ಬೆಲೆಯಿತ್ತು. ಎಪ್ಪತ್ತು ವರ್ಷ ಕಳೆದರೂ ಅಂಕಿ ಅದೇ.

ಈ ಮೌನವನ್ನು ಮುರಿದಾಕೆ ಮೇರಿ ರಾಯ್. 1933ರಲ್ಲಿ ಹುಟ್ಟಿದ ಸಿರಿಯನ್ ಕ್ರೈಸ್ತ ಮಹಿಳೆ; ಬಂಗಾಳಿ ಪತಿಯಿಂದ ಬೇರೆಯಾಗಿ ಎರಡು ಎಳೆಯ ಮಕ್ಕಳೊಡನೆ ಊಟಿಯಲ್ಲಿದ್ದ ತಂದೆಯ ಮನೆಯಲ್ಲಿ ಆಶ್ರಯ ಪಡೆದಿದ್ದರು. ಆ ಮನೆಯನ್ನು ಬಿಡಬೇಕೆಂಬ ಒತ್ತಡ ಒಡಹುಟ್ಟಿನಿಂದಲೇ ಬಂತು. ಮುಂದೆ ಕೊಟ್ಟಾಯಂನಲ್ಲಿ ಶಾಲೆಯೊಂದನ್ನು ಕಟ್ಟಿ ಹೆಸರಾದರು. ತಮ್ಮ ಕಾಲಮೇಲೆ ನಿಂತ ನಂತರ, 1983ರಲ್ಲಿ, ಸರ್ವೋಚ್ಚ ನ್ಯಾಯಾಲಯದ ಬಾಗಿಲು ತಟ್ಟಿದರು. 1986ರ ಫೆಬ್ರವರಿ 24ರಂದು ನ್ಯಾಯಮೂರ್ತಿ ಪಿ.ಎನ್. ಭಗವತಿಯವರ ಪೀಠ ತೀರ್ಪಿತ್ತಿತು. ಹೆಣ್ಣುಗಂಡುಗಳ ಸಮಾನತೆಯ ಸಂವಿಧಾನಾತ್ಮಕ ಪ್ರಶ್ನೆಯನ್ನು ನ್ಯಾಯಾಲಯ ನಿರ್ಣಯಿಸಲೇ ಇಲ್ಲ. 1951ರ ಏಪ್ರಿಲ್ 1ರಂದೇ ತಿರುವಾಂಕೂರಿನ ಹಳೆಯ ಕಾಯಿದೆ ರದ್ದಾಗಿದೆಯೆಂದಷ್ಟೇ ಹೇಳಿತು. ಮೂವತ್ತೈದು ವರ್ಷಗಳಿಂದ ಜನ ಸತ್ತ ಕಾಯಿದೆಯ ಪ್ರಕಾರ ಆಸ್ತಿ ಹಂಚಿಕೊಂಡಿದ್ದರು!

ಆಮೇಲೆ ಎದ್ದ ಕೋಲಾಹಲ ಅಷ್ಟಿಷ್ಟಲ್ಲ. ಹಳೆಯ ಪಾಲುಪಟ್ಟಿಗಳೆಲ್ಲ ಮುರಿಯುತ್ತವೆ, ಅಡವಿಟ್ಟ ಭೂಮಿಗಳ ಮೇಲೆ ಬ್ಯಾಂಕುಗಳು ಕೊಟ್ಟ ಸಾಲ ಮುಳುಗುತ್ತದೆ, ಅಣ್ಣತಂಗಿಯರು ಶತ್ರುಗಳಾಗುತ್ತಾರೆ ಎಂಬ ಭೀತಿ ಹರಡಿತು. ಈ ಭೀತಿ ಪೂರ್ತಿ ಹುಸಿಯೆಂದು ನಾನು ಹೇಳಲಾರೆ. ಮೂರು ದಶಕಗಳ ವ್ಯವಹಾರ ಒಂದೇ ದಿನದಲ್ಲಿ ಅಲುಗಾಡಿದಾಗ ಪ್ರಾಮಾಣಿಕರಿಗೂ ಅಂಜಿಕೆ ಸಹಜ. ಆದರೆ ಅಂದು ಧರ್ಮಸಭೆಗಳ ಅನೇಕ ನಾಯಕರು ನಿಂತದ್ದು ಯಾರ ಪಕ್ಕದಲ್ಲಿ? ತೀರ್ಪಿನ ಪೂರ್ವಾನ್ವಯವನ್ನು ತಡೆಯುವ ಶಾಸನ ಬೇಕೆಂದು ಒತ್ತಾಯಿಸಿದವರ ಪಕ್ಕದಲ್ಲಿ. ಕರಡು ಮಸೂದೆಗಳು ಸಿದ್ಧವಾದವು, ಯಾವುದೂ ಕಾನೂನಾಗಲಿಲ್ಲ. ದ್ವಿತೀಯ ವ್ಯಾಟಿಕನ್ ಮಹಾಸಭೆ 1965ರಲ್ಲಿಯೇ ಲಿಂಗಭೇದದಿಂದ ಮನುಷ್ಯರ ಮೂಲಭೂತ ಹಕ್ಕುಗಳನ್ನು ಮೊಟಕುಗೊಳಿಸುವುದು ದೇವರ ಸಂಕಲ್ಪಕ್ಕೆ ವಿರುದ್ಧವೆಂದು ಸಾರಿತ್ತು. ಗುರುಮಠದಲ್ಲಿ ಆ ದಸ್ತಾವೇಜನ್ನು ನಾವೆಲ್ಲ ಪರೀಕ್ಷೆಗಾಗಿ ಓದಿದವರೇ. ಇಪ್ಪತ್ತೊಂದು ವರ್ಷಗಳ ನಂತರ ಅದನ್ನು ಬದುಕಿಗೆ ಅನ್ವಯಿಸುವ ಸಂದರ್ಭ ಬಂದಾಗ, ಆ ಮಾತು ಮೊದಲು ಕೇಳಿಬರಬೇಕಾಗಿದ್ದುದು ಪೂಜಾವೇದಿಕೆಯಿಂದ. ಅದು ಕೇಳಿಬಂದದ್ದು ನ್ಯಾಯಾಲಯದಿಂದ. ಮೇರಿ ರಾಯ್ 2022ರ ಸೆಪ್ಟೆಂಬರ್ 1ರಂದು ತೀರಿಕೊಂಡಾಗ ದೇಶದ ಪತ್ರಿಕೆಗಳೆಲ್ಲ ಅವರನ್ನು ನೆನೆದದ್ದು ಈ ವ್ಯಾಜ್ಯದ ಮೂಲಕವೇ.

ಮಸೂದೆಗಳು ಸೋತವು, ಆದರೆ ಬೇಲಿ ಬೇರೆ ದಾರಿಯಲ್ಲಿ ಬಂತು. ಭಾರತೀಯ ಉತ್ತರಾಧಿಕಾರ ಕಾಯಿದೆಯ ಸಮಪಾಲು ಇರುವುದು ಉಯಿಲು ಬರೆಯದೆ ಸತ್ತವರ ಆಸ್ತಿಗೆ ಮಾತ್ರ. ಬರೆದವನು ತನ್ನ ಆಸ್ತಿಯನ್ನು ಯಾರಿಗೆ ಬೇಕಾದರೂ ಕೊಡಬಹುದು. ಹೆಂಡತಿಗೆ, ಮಗಳಿಗೆ ಇಷ್ಟಾದರೂ ಉಳಿಸಬೇಕೆಂಬ ಕಟ್ಟಳೆಯಿಲ್ಲ. ಗೋವೆಯ ವ್ಯವಸ್ಥೆ ಹಾಗಲ್ಲ. ಅಲ್ಲಿ 1867ರ ಪೋರ್ಚುಗೀಸ್ ನಾಗರಿಕ ಸಂಹಿತೆಯ ಪರಂಪರೆಯಲ್ಲಿ ಆಸ್ತಿಯ ಅರ್ಧ ಭಾಗ ಮಕ್ಕಳಿಗಾಗಿ ಮೀಸಲು. ತಂದೆ ಮನಬಂದಂತೆ ಅದನ್ನು ಬರೆದುಕೊಡಲಾರ. ನಮ್ಮ ಕರಾವಳಿಯ ಅನೇಕ ಕಥೋಲಿಕ ಕುಟುಂಬಗಳ ಮೂಲ ಗೋವೆಯೇ. ಆದರೆ ಅವರ ಹಿರಿಯರು ಆ ಸಂಹಿತೆ ಹುಟ್ಟುವ ಎಷ್ಟೋ ಮೊದಲೇ ದಕ್ಷಿಣಕ್ಕೆ ಬಂದಿದ್ದರು. ಅವರು ತಂದದ್ದು ಭಾಷೆ, ಭಕ್ತಿ, ಮನೆತನದ ಹೆಸರುಗಳು. ಜೊತೆಗೆ ವರದಕ್ಷಿಣೆಗೆ ‘ದೋತ್’ ಎಂಬ ಪೋರ್ಚುಗೀಸ್ ಮೂಲದ ಪದ.

ಈಗ ನಮ್ಮ ಮನೆಗಳಿಗೇ ಬರೋಣ. ಕೆಲವು ಧರ್ಮಕೇಂದ್ರಗಳಲ್ಲಿ ಸೇವೆ ಸಲ್ಲಿಸಿದ ಯಾವ ಗುರುವಿಗೂ ಈ ಚಿತ್ರ ಅಪರಿಚಿತವಲ್ಲ. ಮನೆಯ ಯಜಮಾನ ತೀರಿಕೊಂಡು ತಿಂಗಳ ಪೂಜೆ ಮುಗಿದಿರುತ್ತದೆ. ಪೌತಿ ಖಾತೆ ಮಾಡಿಸಬೇಕು, ವಂಶವೃಕ್ಷ ಬೇಕು ಎಂದು ಓಡಾಟ ಆರಂಭವಾಗುತ್ತದೆ. ವಂಶವೃಕ್ಷದಲ್ಲಿ ಹೆಣ್ಣುಮಕ್ಕಳ ಹೆಸರೂ ಇರುವುದರಿಂದ ಅವರ ಸಹಿ ಇಲ್ಲದೆ ಕೆಲಸ ನಡೆಯದು. ಮುಂಬಯಿಯಲ್ಲಿರುವ, ಕೊಲ್ಲಿ ರಾಷ್ಟ್ರದಲ್ಲಿರುವ ಅಕ್ಕತಂಗಿಯರಿಗೆ ಕರೆ ಹೋಗುತ್ತದೆ. ರಜೆಯಲ್ಲಿ ಬಂದಾಗ ಉಪನೋಂದಣಾಧಿಕಾರಿಯ ಕಚೇರಿಗೆ ಒಂದು ಗಳಿಗೆ ಬಂದು ಹೋಗು, ಬರೀ ಒಂದು ಸಹಿ. ಆ ಒಂದು ಸಹಿಯ ಹೆಸರು ಹಕ್ಕು ಬಿಡುಗಡೆ ಪತ್ರ. ಎಷ್ಟೋ ಮಂದಿ ಅದನ್ನು ಓದದೆಯೇ ಹೆಬ್ಬೆಟ್ಟು ಒತ್ತಿದ್ದಾರೆ, ಫೋಟೋಕ್ಕೆ ಮುಖ ಕೊಟ್ಟಿದ್ದಾರೆ, ಸಂಜೆಗೆ ತವರಿನಲ್ಲಿ ಕೋಳಿಸಾರಿನ ಊಟ ಮಾಡಿ ಹಿಂದಿರುಗಿದ್ದಾರೆ. ಓದಿ ಪ್ರಶ್ನೆ ಕೇಳಿದವರಿಗೆ ಮುಂದಿನ ಹಬ್ಬಕ್ಕೆ ಕರೆ ಬಂದಿಲ್ಲ. ತವರಿನ ಬಾಗಿಲು ಮುಚ್ಚೀತೆಂಬ ಭಯವೇ ಇಲ್ಲಿನ ನಿಜವಾದ ಬೇಲಿ. ಹಿಂದೂ ಸಹೋದರಿಯರ ಮನೆಗಳಲ್ಲಿಯೂ ಅರಿಶಿನ ಕುಂಕುಮದ ಹೆಸರಿನಲ್ಲಿ ಒಂದಿಷ್ಟು ಕೊಟ್ಟು ಇದೇ ಸಹಿಯನ್ನು ಪಡೆಯುವುದುಂಟು.

ಅವಳಿಗೆ ಮದುವೆಯಲ್ಲೇ ಕೊಟ್ಟಾಗಿದೆಯಲ್ಲ ಎಂಬ ಮಾತು ಈ ಸಂದರ್ಭದಲ್ಲಿ ತಪ್ಪದೆ ಕೇಳಿಬರುತ್ತದೆ. ಮದುವೆಯಲ್ಲಿ ಕೊಟ್ಟದ್ದು ಯಾರಿಗೆ ಎಂದು ಯಾರೂ ಕೇಳುವುದಿಲ್ಲ. ವರದಕ್ಷಿಣೆ ಕೊಡುವುದೂ ಪಡೆಯುವುದೂ 1961ರಿಂದ ಅಪರಾಧ. ಹಾಗಿರುವಾಗ ಕಾನೂನು ನಿಷೇಧಿಸಿದ್ದನ್ನು ಕೊಟ್ಟೆವೆಂಬ ಕಾರಣಕ್ಕೆ ಕಾನೂನು ಕೊಟ್ಟದ್ದನ್ನು ಕಳೆಯುವುದು ಯಾವ ಲೆಕ್ಕ? ಮಗನ ಓದಿಗೆ, ವೀಸಾಕ್ಕೆ ಕೊಟ್ಟ ಹಣವನ್ನು ಮಾತ್ರ ಅವನ ಪಾಲಿನಿಂದ ಯಾರೂ ಕಳೆಯುವುದಿಲ್ಲ.

ಆದರೂ ಸಹೋದರರ ಪಕ್ಷದ ಒಂದು ಮಾತನ್ನು ನಾನು ತಳ್ಳಿಹಾಕಲಾರೆ. ಊರಿನಲ್ಲೇ ಉಳಿದು, ತೋಟಕ್ಕೆ ನೀರು ಹಾಯಿಸಿ, ಹಾಸಿಗೆ ಹಿಡಿದ ತಂದೆತಾಯಿಯರ ಮಲಮೂತ್ರ ತೆಗೆದವನಿಗೂ, ವರ್ಷಕ್ಕೊಮ್ಮೆ ಬಂದು ಹೋದವನಿಗೂ ಕಾಯಿದೆ ಒಂದೇ ಪಾಲು ಕೊಡುತ್ತದೆ. ಶುಶ್ರೂಷೆಯನ್ನು ಅಳೆಯುವ ಮಾಪು ಕಾಯಿದೆಯ ಬಳಿ ಇಲ್ಲ. ಆ ಕೆಲಸಕ್ಕೆ ಇರುವುದು ಉಯಿಲು. ಇಂದು ಎಷ್ಟೋ ಮನೆಗಳಲ್ಲಿ ಆ ಶುಶ್ರೂಷೆ ಮಾಡುತ್ತಿರುವುದು ಮಗಳು. ಎಷ್ಟೋ ಮನೆಗಳ ಮಾಡಿಗೆ ಹಂಚು ಹೋಗಿ ಕಾಂಕ್ರೀಟು ಬಂದದ್ದು ದಾದಿಯಾಗಿ ದುಡಿದ ಮಗಳ ಸಂಬಳದಿಂದ. ಉಯಿಲು ಬರೆಯುವ ತಂದೆಯ ಕೈ ಇದನ್ನೂ ಲೆಕ್ಕಕ್ಕೆ ತೆಗೆದುಕೊಳ್ಳಬೇಕಲ್ಲವೇ?

ಈ ಮನೆಗಳಲ್ಲಿ ಹಲವು, ಸ್ವಂತದ್ದಾದದ್ದೂ ಒಂದು ಕಾನೂನಿನಿಂದಲೇ. ದೇವರಾಜ ಅರಸರ ಕಾಲದಲ್ಲಿ ಭೂಸುಧಾರಣಾ ಕಾಯಿದೆಗೆ ತಂದ ತಿದ್ದುಪಡಿ 1974ರ ಮಾರ್ಚ್ 1ರಂದು ಜಾರಿಗೆ ಬಂದು, ಗೇಣಿಗೆ ಕೊಟ್ಟಿದ್ದ ಭೂಮಿಯೆಲ್ಲ ಸರಕಾರದಲ್ಲಿ ನಿಹಿತವಾಯಿತು. ದಕ್ಷಿಣ ಕನ್ನಡದ ಅಸಂಖ್ಯ ಒಕ್ಕಲುಗಳು ‘ಡಿಕ್ಲರೇಶನ್’ ಕೊಟ್ಟು ಭೂನ್ಯಾಯ ಮಂಡಳಿಯ ಮೂಲಕ ಉತ್ತ ಭೂಮಿಗೆ ಒಡೆಯರಾದರು. ಅವರಲ್ಲಿ ಕ್ರೈಸ್ತ ಒಕ್ಕಲುಗಳೂ ಬಹಳ. ಭೂಮಿಯನ್ನು ಗೇಣಿಗೆ ಕೊಟ್ಟಿದ್ದ ಚರ್ಚುಗಳೂ ಕ್ರೈಸ್ತ ಧಣಿಗಳೂ ಕಳೆದುಕೊಂಡದ್ದುಂಟು. ಉಳುವವನೇ ಹೊಲದೊಡೆಯ ಎಂಬ ಆ ದೊಡ್ಡ ಪರಿವರ್ತನೆಯನ್ನು ನಾನು ಮೆಚ್ಚುತ್ತೇನೆ. ಆದರೆ ಅರ್ಜಿಯಲ್ಲಿ ಬರೆದ ಹೆಸರು ಸಾಮಾನ್ಯವಾಗಿ ಮನೆಯ ಒಬ್ಬ ಗಂಡಸಿನದು. ಹೊಲದಲ್ಲಿ ನೇಜಿ ನೆಟ್ಟ ಹೆಂಗಸರ ಹೆಸರು ಅದರಲ್ಲಿಲ್ಲ. ಅವನು ಅರ್ಜಿ ಕೊಟ್ಟದ್ದು ತನಗೊಬ್ಬನಿಗೋ, ತೀರಿಹೋದ ತಂದೆಯ ಎಲ್ಲ ಮಕ್ಕಳ ಪರವಾಗಿಯೋ ಎಂಬ ಪ್ರಶ್ನೆ ಮುಂದೆ ಎಷ್ಟೋ ಕುಟುಂಬಗಳನ್ನು ನ್ಯಾಯಾಲಯಕ್ಕೆ ಕರೆದೊಯ್ದಿತು. ಒಡೆತನ ಬಂದ ಗಳಿಗೆಯಲ್ಲೇ ಪಾಲಿನ ಪ್ರಶ್ನೆಯೂ ಹುಟ್ಟಿತು.

ನಮ್ಮ ನಾಡಿನ ಹಿಂದೂ ಸಹೋದರಿಯರ ದಾರಿ ಬೇರೆ. ಮೈಸೂರು ಸಂಸ್ಥಾನ 1933ರಲ್ಲಿಯೇ ಹಿಂದೂ ಸ್ತ್ರೀಯರ ಹಕ್ಕುಗಳ ಕಾಯಿದೆಯನ್ನು ಮಾಡಿ ವಿಧವೆ, ತಾಯಿ, ಅವಿವಾಹಿತ ಮಗಳಿಗೆ ಕುಟುಂಬದ ಪಾಲುವಿಭಾಗದಲ್ಲಿ ಸ್ಥಾನ ಕೊಟ್ಟಿತ್ತು. 1994ರಲ್ಲಿ ಕರ್ನಾಟಕ ತಿದ್ದುಪಡಿ ತಂದಿತು; 2005ರಲ್ಲಿ ಸಂಸತ್ತು ದೇಶಕ್ಕೆಲ್ಲ ಅನ್ವಯಿಸುವಂತೆ ಮಗಳನ್ನು ಹುಟ್ಟಿನಿಂದಲೇ ಪಿತ್ರಾರ್ಜಿತಕ್ಕೆ ಸಹಭಾಗಿಯನ್ನಾಗಿಸಿತು; ಆ ಹಕ್ಕಿಗೆ ತಂದೆ ಅಂದು ಬದುಕಿರಬೇಕೆಂದಿಲ್ಲವೆಂದು 2020ರಲ್ಲಿ ಸರ್ವೋಚ್ಚ ನ್ಯಾಯಾಲಯ ಸ್ಪಷ್ಟಪಡಿಸಿತು. ಅವರು ಮೆಟ್ಟಿಲು ಮೆಟ್ಟಿಲಾಗಿ ಏರಿ ಬಂದದ್ದನ್ನು, ಪ್ರತಿಯೊಂದು ಮೆಟ್ಟಿಲಿಗೂ ಚರ್ಚೆ ನಡೆದದ್ದನ್ನು ನೋಡುವಾಗ ನಮ್ಮ ಹಕ್ಕು ನಮಗೇಕೆ ಇಷ್ಟು ಹಗುರವಾಯಿತೆಂಬುದಕ್ಕೆ ಒಂದು ಸುಳಿವು ಸಿಗುತ್ತದೆ. ಕೇಳದೆ ಬಂದದ್ದನ್ನು ನಾವು ತಿಳಿಯದೆಯೇ ಬಿಟ್ಟುಕೊಟ್ಟೆವು.

ನಮ್ಮ ಕಾಯಿದೆ ಎಲ್ಲ ವಿಷಯಗಳಲ್ಲಿಯೂ ಮುಂದಿತ್ತೆಂದು ಅರ್ಥವಲ್ಲ. ಧರ್ಮಕಾರ್ಯಕ್ಕೆ ಉಯಿಲಿನಲ್ಲಿ ಆಸ್ತಿ ಬಿಡುವ ಕ್ರೈಸ್ತನು, ಹತ್ತಿರದ ಬಂಧುಗಳಿದ್ದರೆ, ಸಾಯುವುದಕ್ಕೆ ಒಂದು ವರ್ಷ ಮೊದಲೇ ಅದನ್ನು ಬರೆದಿರಬೇಕೆಂಬ ವಿಚಿತ್ರ ನಿರ್ಬಂಧ 118ನೆಯ ವಿಧಿಯಲ್ಲಿತ್ತು. ಮರಣಶಯ್ಯೆಯಲ್ಲಿ ಪಾದ್ರಿಗಳು ಆಸ್ತಿ ಬರೆಸಿಕೊಂಡಾರೆಂಬ ಹಳೆಯ ಇಂಗ್ಲಿಷ್ ಸಂಶಯದ ಕುರುಹು ಅದು. ಕೇರಳದ ಗುರು ಜಾನ್ ವಲ್ಲಮಟ್ಟಂ ಅದನ್ನು ಪ್ರಶ್ನಿಸಿ, 2003ರಲ್ಲಿ ಸರ್ವೋಚ್ಚ ನ್ಯಾಯಾಲಯದಿಂದ ರದ್ದುಪಡಿಸಿದರು. ನಮ್ಮ ಸಂಸ್ಥೆಗಳಿಗೆ ಲಾಭವಾಗುವ ಈ ತೀರ್ಪನ್ನು ನಾವು ಸಂತೋಷದಿಂದ ಸ್ವಾಗತಿಸಿದೆವು. 1986ರ ತೀರ್ಪಿಗೂ ಅಂಥದೇ ಸ್ವಾಗತ ದೊರೆತಿದ್ದರೆ ಎಂದು ಆಗಾಗ ಅನ್ನಿಸುತ್ತದೆ.

ಇನ್ನೊಂದು ಕಡೆ ಕಾಯಿದೆಯೇ ಈಗ ಸ್ಪಷ್ಟವಾಗಿ ಹಿಂದುಳಿದಿದೆ. ಮಕ್ಕಳಿಲ್ಲದ ಒಬ್ಬ ಯುವಕ ದುಬೈಯಲ್ಲೋ ಮಸ್ಕತ್ತಿನಲ್ಲೋ ಅಪಘಾತದಲ್ಲಿ ತೀರಿಕೊಂಡನೆಂದು ಭಾವಿಸಿ. ಉಯಿಲಿಲ್ಲ; ಊರಿನಲ್ಲಿ ಹೆಂಡತಿ, ತಂದೆ, ತಾಯಿ ಇದ್ದಾರೆ. 1925ರ ಕಾಯಿದೆಯ ಪ್ರಕಾರ ಅರ್ಧ ಹೆಂಡತಿಗೆ, ಉಳಿದರ್ಧ ಪೂರ್ತಿಯಾಗಿ ತಂದೆಗೆ. ತಂದೆ ಬದುಕಿರುವವರೆಗೆ ತಾಯಿಗೆ ಏನೂ ಇಲ್ಲ. ತಂದೆ ಇಲ್ಲದಿದ್ದರೆ ಮಾತ್ರ ಅವಳು ಸತ್ತವನ ಒಡಹುಟ್ಟಿದವರೊಡನೆ ಸಮಪಾಲಿಗೆ ಬರುತ್ತಾಳೆ. ಇದೂ ಹದಿನೇಳನೆಯ ಶತಮಾನದ ಇಂಗ್ಲೆಂಡಿನಿಂದ ಬಂದ ಪಳೆಯುಳಿಕೆಯೇ. ಈ ವಿಧಿಗಳನ್ನು ಬದಲಿಸಿ ತಾಯಿಗೂ ತಂದೆಗೂ ಸಮಾನ ಸ್ಥಾನ ಕೊಡಬೇಕೆಂದು ಕಾನೂನು ಆಯೋಗ 2014ರಲ್ಲಿ ತನ್ನ 247ನೆಯ ವರದಿಯಲ್ಲಿ ಶಿಫಾರಸು ಮಾಡಿತು. ಆ ಶಿಫಾರಸು ವರದಿಯಾಗಿಯೇ ಉಳಿದಿದೆ. ಅದಕ್ಕಾಗಿ ಈವರೆಗೆ ಯಾವ ಮನೆಯ ತಾಯಿಯೂ ಸರ್ವೋಚ್ಚ ನ್ಯಾಯಾಲಯದ ತನಕ ಹೋದದ್ದನ್ನು ನಾನು ಕೇಳಿಲ್ಲ. ಮಗನು ಉಯಿಲಿನಲ್ಲಿ ಅವಳ ಹೆಸರನ್ನು ಬರೆದಿಟ್ಟಿದ್ದರೆ ಮಾತ್ರ ಅವಳಿಗೆ ಪಾಲುಂಟು. ಅದಕ್ಕೆ ಬೇಕಾದದ್ದು ಒಂದು ಹಾಳೆ ಕಾಗದ, ಅವನ ಸಹಿ, ಇಬ್ಬರು ಸಾಕ್ಷಿಗಳು.